ಮೌಶಿಯ ಪ್ರಯೋಗಕ್ಕೆ ಸಿಗದ ಅವ್ವ

ನಮ್ಮ ಮೌಶಿಯ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಕೈ ತೊಳೆದರಷ್ಟೇ ಸಾಲದು, ಸಹಿಯನ್ನೂ ಹಾಕಬೇಕು!

ನಗಬೇಡಿ, ನನ್ನಾಣೆಗೂ ನಿಜ. ಮದುವೆಯಾದ ಹೊಸದರಲ್ಲಿ ನನ್ನ ಗಂಡನನ್ನು ಕರೆದುಕೊಂಡು ಮಲ್ಕಾಜ್‌ಗಿರಿಯ ಅವಳ ಮನೆಗೆ ಹೋಗಿದ್ದೆ. ಹೊಸ ಅಳಿಯ, ಹೊಸ ಪ್ಯಾಂಟು, ಹೋಳಿಗೆಯ ಆಸೆ. ತಾಟು ಬರುವ ಬದಲು ಅವರ ಮುಂದೆ ಒಂದು ಕಾಗದ ಬಂತು. ‘ನಾನು ಈ ಊಟವನ್ನು ಯಾರ ಒತ್ತಾಯವೂ ಇಲ್ಲದೆ ಸ್ವಂತ ಇಚ್ಛೆಯಿಂದ ಮಾಡುತ್ತಿದ್ದೇನೆ. ಯಾವ ಹಂತದಲ್ಲಿ ಬೇಕಾದರೂ ಎದ್ದು ಹೋಗುವ ಹಕ್ಕು ನನಗಿದೆ. ನಾನು ಎಷ್ಟು ಹೋಳಿಗೆ ತಿಂದೆ ಎಂಬುದನ್ನು ಯಾರಿಗೂ ತಿಳಿಸತಕ್ಕದ್ದಲ್ಲ.’ ಕೆಳಗೆ ಸಹಿಗೆ ಜಾಗ!

ಅವರು ನನ್ನ ಮುಖ ನೋಡಿದರು. “ಹಾಕ್ರಿ ಸುಮ್ಮನ. ಇಲ್ಲಂದ್ರ ಊಟಾ ಸಿಗೂದಿಲ್ಲ” ಎಂದೆ. ಹಾಕಿದರು. ಮೌಶಿ ಕನ್ನಡಕ ಏರಿಸಿ ಎದ್ದು ನಿಂತು, ಶಾಲೆಯ ಪ್ರಾರ್ಥನೆಯಂತೆ ಗಟ್ಟಿಯಾಗಿ ಸೂಚನೆಗಳನ್ನು ಓದತೊಡಗಿದಳು. “ನಿಮ್ಮ ಮುಂದ ಎರಡು ಡಬ್ಬಿ ಅದಾವು. ಒಂದು ನಿಮಗ, ಒಂದು ನಿಮ್ಮ ಹೇಣ್ತಿಗೆ. ಹೋಳಿಗಿ ಹೆಂಗ ಹಂಚಬೇಕು ಅನ್ನೂದು ನಿಮಗ ಬಿಟ್ಟದ್ದು. ಏನರೆ ಪ್ರಶ್ನೆ ಅದಾವೇನ್ರಿ ಅಳಿಯಂದ್ರ?”

ಪಾಪ, ಹಸಿದ ಮನುಷ್ಯ. “ತುಪ್ಪ ಎಲ್ಲೈತ್ರಿ?” ಎಂದು ಕೇಳಿದರು.

“ಅದನ್ನ ಈಗ ಹೇಳಿದ್ರ ಪ್ರಯೋಗ ಕೆಡತೈತ್ರಿ” ಎಂದಳು ಮೌಶಿ!

ಇಂಥವಳು ನಮ್ಮ ಮೌಶಿ. ಎಂದರೆ ನನ್ನ ಅವ್ವನ ತಂಗಿ. ನಮ್ಮ ಹಿರಿಯರು ಗದಗಿನ ಕಡೆಯವರು. ಅಜ್ಜ ರೇಲ್ವೆ ಗಾರ್ಡ್ ಆಗಿ ಹೈದರಾಬಾದಿಗೆ ಬಂದವರು ಮಲ್ಕಾಜ್‌ಗಿರಿ ಸ್ಟೇಶನ್ನಿನ ಬಗಲಲ್ಲೇ ಮನೆ ಮಾಡಿ, ಇಲ್ಲಿಯವರೇ ಆಗಿಬಿಟ್ಟರು. ಆ ಮನೆಯಲ್ಲಿ ಈಗ ಮೌಶಿ ಒಬ್ಬಳೇ ಇರುತ್ತಾಳೆ. ಒಬ್ಬಳೇ ಎಂದು ಮರುಗಬೇಡಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ “ಪುರುಸೊತ್ತು ಆಗಲಿಲ್ರಿ” ಎನ್ನುತ್ತಾಳೆ. ಅದು ನಿಜವೂ ಹೌದು. ಏಕೆಂದರೆ ನಮ್ಮ ಮೌಶಿ ಜಗತ್ತೇ ಬಲ್ಲ ಪ್ರಾಯೋಗಿಕ ಅರ್ಥಶಾಸ್ತ್ರಜ್ಞೆ.

ಹಾಗೆಂದರೇನು? ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಅರ್ಥಶಾಸ್ತ್ರಜ್ಞರು ಎಂದರೆ ಬಜೆಟ್ ದಿನ ಕೋಟು ಹಾಕಿಕೊಂಡು ಟೀವಿಯಲ್ಲಿ ಜಗಳವಾಡುವವರು ಎಂದು ತಿಳಿದಿದ್ದೆ. ಮೌಶಿ ಆ ಪೈಕಿ ಅಲ್ಲ. ಅವಳ ಕಾಲದ ದಪ್ಪ ದಪ್ಪ ಪುಸ್ತಕಗಳಲ್ಲಿ, ಮನುಷ್ಯನಿಗೆ ಹತ್ತು ಬಿಸ್ಕೀಟು ಕೊಟ್ಟು ‘ಪರದೆಯ ಆಚೆ ಕೂತ ಅಪರಿಚಿತರಿಗೆ ನಿನ್ನ ಮನಸ್ಸಿಗೆ ಬಂದಷ್ಟು ಕೊಡು, ಯಾರೂ ನೋಡುವುದಿಲ್ಲ’ ಎಂದರೆ ಅವನು ಹತ್ತನ್ನೂ ತಾನೇ ನುಂಗುತ್ತಾನೆ ಎಂದು ಬರೆದಿತ್ತಂತೆ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿ ಪರೀಕ್ಷೆ ಪಾಸಾದರು. ಮೌಶಿ ಮಾತ್ರ ತರಗತಿಯಲ್ಲಿ ಎದ್ದು ನಿಂತು, “ಬರದಾರ ಸರಿ. ಯಾರನ್ನರೆ ಕುಂದ್ರಿಸಿ ನೋಡ್ಯಾರೇನ್ರಿ?” ಎಂದು ಕೇಳಿದಳಂತೆ. ಮೇಷ್ಟ್ರು ಅವಳನ್ನೇ ಕೂರಿಸಿದರು!

ಕೂತವಳು ಸುಮ್ಮನೆ ಕೂರಲಿಲ್ಲ. ಮುಂದೆ ನಮ್ಮ ನಗರದ ಒಂದು ದೊಡ್ಡ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಉಗ್ರಾಣವೊಂದನ್ನು ಕಾಡಿ ಬೇಡಿ ಪಡೆದು, ಸಾಲಾಗಿ ಕುರ್ಚಿ ಹಾಕಿ, ನಡುವೆ ಪರದೆ ಕಟ್ಟಿ, ಪ್ರತಿ ಕುರ್ಚಿಗೂ ಒಂದು ನಂಬರು ಬರೆದು, ದೇಶದವರು ಹುಬ್ಬೇರಿಸುವಂಥ ಪ್ರಯೋಗಶಾಲೆ ಮಾಡಿದಳು. ಆ ಕುರ್ಚಿಗಳ ಮೇಲೆ ಯಾರು ತಾನೇ ಕೂತಿಲ್ಲ! ಕಾಲೇಜು ಹುಡುಗಿಯರು, ಹಣ್ಣಿನ ಬಂಡಿಯವರು, ಆಟೋದವರು, ಪಿಂಚಣಿದಾರರು, ಇಬ್ಬರು ಪೊಲೀಸರು, ಕೊನೆಗೆ ಸಂಸ್ಥೆಯ ನಿರ್ದೇಶಕರು ಕೂಡ.

ಕೂರದೆ ಉಳಿದವರು ಒಬ್ಬರೇ. ನಮ್ಮ ಅವ್ವ.

ಅವ್ವ ಮೌಶಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಮೌಶಿ ಇನ್ನೂ ಅಂಬೆಗಾಲಿಡುವಾಗಲೇ ಅಜ್ಜಿ ತೀರಿಕೊಂಡಳು. ಅಜ್ಜ ರೈಲಿನ ಹಿಂದೆ ಊರೂರು ತಿರುಗುವವರು. ಎಂಟನೆಯ ತರಗತಿಯಲ್ಲಿದ್ದ ಅವ್ವ ಪಾಟಿಚೀಲ ಮೊಳೆಗೆ ಸಿಕ್ಕಿಸಿ, ತಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಂಗಿಯ ಮೊದಲ ಅಕ್ಷರದಿಂದ ಹಿಡಿದು ಡಾಕ್ಟರೇಟಿನವರೆಗೂ ರೊಟ್ಟಿ ಬಡಿದು ಹಾಕಿದ್ದು ಅವಳೇ. ಅಂಥ ಅಕ್ಕ ತನ್ನ ಪ್ರಯೋಗಕ್ಕೆ ಒಂದು ಸಲ ಬಂದು ಕೂರಲಿ ಎಂಬುದು ಮೌಶಿಯ ಮೂವತ್ತು ವರ್ಷಗಳ ಹಟ. ಬರುವುದಿಲ್ಲ ಎಂಬುದು ಅವ್ವನ ಮೂವತ್ತು ವರ್ಷಗಳ ಹಟ. ಒಂದೇ ಗಾರ್ಡಿನ ಮಕ್ಕಳು, ಹಸಿರು ಬಾವುಟ ಇಬ್ಬರ ಕೈಯಲ್ಲೂ ಇಲ್ಲ!

ಪ್ರತಿ ಯುಗಾದಿಗೆ ಮೌಶಿ ನಮ್ಮ ಮೆಹದಿಪಟ್ಟಣಂ ಮನೆಗೆ (ಮದುವೆಯಾದ ಮೇಲೂ ನಾನು, ನನ್ನ ಗಂಡ ಅವ್ವನ ಜೊತೆಗೇ ಇದ್ದೇವೆ) ಬರುವಾಗ ಹೂವು ಹಣ್ಣಿನ ಜೊತೆ ಒಂದು ಲಕೋಟೆ ತರುತ್ತಾಳೆ. ಒಳಗೆ ಅಚ್ಚು ಹಾಕಿದ ಕಾಗದ. ‘ಮಾನ್ಯರೇ, ನಮ್ಮ ಸಂಶೋಧನೆಯಲ್ಲಿ ಭಾಗವಹಿಸಲು ತಮ್ಮನ್ನು ಆದರದಿಂದ ಆಹ್ವಾನಿಸುತ್ತೇವೆ.’ ಒಡಹುಟ್ಟಿದ ಅಕ್ಕನಿಗೆ ‘ಮಾನ್ಯರೇ’! ಅವ್ವ ಅದನ್ನು ಓದಿ, ಮಡಿಚಿ, “ಅವತ್ತು ನನಗ ಕೆಲಸ ಐತಿ” ಎನ್ನುವಳು.

“ದಿನಾಂಕನ ಹಾಕಿಲ್ಲಕ್ಕಾ ಅದರಾಗ!”

“ಯಾವತ್ತಿದ್ರೂ ಕೆಲಸ ಐತಿ.”

ನಾನು ಮತ್ತು ನನ್ನ ತಂಗಿಯಂತೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೌಶಿಗೆ ಪ್ರಯೋಗಶಾಲೆ ಸಿಗುವ ಮುಂಚೆ ನಾವೇ ಅವಳ ಪ್ರಯೋಗಶಾಲೆ. ಒಂದು ಬೇಸಿಗೆಯಲ್ಲಿ ಐದು ಮಾವಿನಹಣ್ಣು ತಂದು ನನ್ನ ತಂಗಿಯ ಮುಂದಿಟ್ಟಳು. “ನೀ ಹೆಂಗ ಬೇಕಾದ್ರೂ ಪಾಲು ಮಾಡು. ಅಕ್ಕ ಹೂಂ ಅಂದ್ರ ಇಬ್ಬರೂ ತಿನ್ರಿ. ಅಕ್ಕ ಒಲ್ಲೆ ಅಂದ್ರ ಇಬ್ಬರಿಗೂ ಇಲ್ಲ.” ನನ್ನ ತಂಗಿ ನಾಲ್ಕು ತನ್ನ ಕಡೆ ಎಳೆದುಕೊಂಡು ಒಂದನ್ನು ನನ್ನ ಕಡೆ ಉರುಳಿಸಿದಳು. ಅದೂ ಸಣ್ಣದು! ನನಗೆ ಎಲ್ಲಿತ್ತೋ ಸಿಟ್ಟು. “ಒಲ್ಲೆ!” ಎಂದು ಕಿರುಚಿದೆ.

ಬೇರೆ ಯಾವ ಮೌಶಿಯಾದರೂ ನಕ್ಕು ಸರಿಪಾಲು ಮಾಡಿ ಕೊಡುತ್ತಿರಲಿಲ್ಲವೇ? ನಮ್ಮವಳು ಐದನ್ನೂ ಬುಟ್ಟಿಗೆ ತುಂಬಿ, ಕೆಳಗಿನ ಮನೆಯ ತೆಲುಗು ಆಂಟಿಗೆ ಕೊಟ್ಟು ಬಂದಳು! ನಾವಿಬ್ಬರೂ ಒಂದೇ ರಾಗದಲ್ಲಿ ಅಳುತ್ತಿದ್ದರೆ ಅವಳು ಗೋಡೆಗೆ ಒರಗಿ ಏನೋ ಬರೆದುಕೊಳ್ಳುತ್ತಿದ್ದಳು. ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಬಂದಳು.

“ಹುಡುಗ್ಯಾರ ಬಾಯಾಗಿನ ಹಣ್ಣು ಕಸಗೊಂಡು ಬರಕೊಂತ ಕುಂತೀಯಲ್ಲ, ನಿನಗ ಏನರೆ ಐತೇನು?”

“ಅಕ್ಕಾ, ನೋಡು, ಈಕಿ ಒಂದು ಹಣ್ಣು ಬಿಟ್ಟಳು, ನ್ಯಾಯ ಬಿಡಲಿಲ್ಲ! ಪುಸ್ತಕದಾಗ ಹಿಂಗ ಬರದಿಲ್ಲ!” ಎಂದು ಮೌಶಿ ಕುಣಿದಾಡುತ್ತಿದ್ದಳು.

“ಪುಸ್ತಕದಾಗ ಬರೀದಿದ್ರ ಹೋಗ್ಲಿ, ಹೋಗಿ ಹಣ್ಣು ಇಸಗೊಂಡು ಬಾ” ಎಂದಳು ಅವ್ವ. ಆಂಟಿಯ ಮನೆಯಲ್ಲಿ ಅಷ್ಟರೊಳಗೆ ಹಣ್ಣಿನ ರಸ ತಯಾರಾಗಿತ್ತು.

ಮೌಶಿಯ ಕಸುಬಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರಯೋಗಕ್ಕೆ ಬಂದವರಿಗೆ ಸುಳ್ಳು ಹೇಳುವಂತಿಲ್ಲ. ಪರದೆಯ ಆಚೆ ಮನುಷ್ಯರಿದ್ದಾರೆ ಎಂದರೆ ಇರಲೇಬೇಕು, ಬಿಸ್ಕೀಟು ಕೊಡುತ್ತೇನೆಂದರೆ ಕೊಡಲೇಬೇಕು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದೆ ಯಾರೂ ನಂಬುವುದಿಲ್ಲ, ಅಂಗಡಿ ಮುಚ್ಚಿದ ಹಾಗೆಯೇ. ಸರಿ, ಒಳ್ಳೆಯ ನಿಯಮ. ಆದರೆ ಅದನ್ನು ಪ್ರಯೋಗಶಾಲೆಯಲ್ಲೇ ಬಿಟ್ಟು ಬರಬೇಕೋ ಬೇಡವೋ? ಮೌಶಿ ಮನೆಗೂ ತಂದಳು. ನನ್ನನ್ನು ನೋಡಲು ವರನ ಕಡೆಯವರು ಬಂದ ದಿನ ಅವ್ವ ತಾಟಿನ ತುಂಬ ಚಕ್ಕುಲಿ ಇಟ್ಟು, “ಎಲ್ಲಾ ನಮ್ಮ ಹುಡುಗೀನ ಮಾಡ್ಯಾಳ್ರಿ” ಎಂದಳು. ಯಾವ ತಾಯಿ ಹೇಳುವುದಿಲ್ಲ ಹೇಳಿ! ವರನ ತಾಯಿ ಚಕ್ಕುಲಿ ಮುರಿದು, ಹಾಗೆಯೇ ಲೋಕಾಭಿರಾಮವಾಗಿ ಮೌಶಿಯ ಕಡೆ ತಿರುಗಿ, “ಹೌದೇನ್ರಿ?” ಎಂದರು.

“ಇಲ್ರಿ. ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡೀವು. ಭಾಳ ಚಲೋ ಮಾಡ್ತಾರ. ನಿಮಗೂ ಬೇಕಂದ್ರ ಅಡ್ರೆಸ್ ಬರದು ಕೊಡ್ತೀನ್ರಿ.”

ಅವ್ವನ ಮುಖ ಚಕ್ಕುಲಿಯ ಬಣ್ಣಕ್ಕೆ ಬಂತು. ಆಗ ವರ ಮಹಾಶಯರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಈ ಮನ್ಯಾಗ ಒಬ್ಬರರೆ ಖರೇ ಮಾತಾಡ್ತಾರಲ್ಲ, ನನಗ ಒಪ್ಪಿಗಿ ಐತಿ” ಎಂದುಬಿಟ್ಟರು! ಹೀಗೆ ನನಗೆ ಗಂಡ ಸಿಕ್ಕಿದ. ಅವ್ವ ಮಾತ್ರ ಮೌಶಿಯ ಜೊತೆ ಹದಿನೈದು ದಿನ ಮಾತು ಬಿಟ್ಟಳು. ಮಾತು ಬಿಟ್ಟರೂ ಶೇಂಗಾ ಹಿಂಡಿ ಚಟ್ನಿಪುಡಿಯ ಡಬ್ಬಿ ಕಳಿಸುವುದನ್ನು ಬಿಟ್ಟಿರಲಿಲ್ಲ ಅನ್ನಿ.

ಪ್ರಯೋಗಕ್ಕೆ ಜನರನ್ನು ಹಿಡಿಯಲು ಮೌಶಿ ಪಟ್ಟ ಪಾಡು ಒಂದೆರಡಲ್ಲ. ಕಾಲೇಜು ಹುಡುಗರನ್ನಷ್ಟೇ ಕೂರಿಸಿದರೆ ಅದು ಲೋಕವಾಗುತ್ತದೆಯೇ? ಎಲ್ಲ ಥರದವರೂ ಬೇಕು. ಒಮ್ಮೆ ಮೆಹದಿಪಟ್ಟಣಂನ ಆಟೋ ಸ್ಟ್ಯಾಂಡಿಗೇ ಹೋಗಿ ನಿಂತಳು. ನಾನೂ ಜೊತೆಯಲ್ಲಿದ್ದೆ, ನನ್ನ ದುರದೃಷ್ಟ. ಗಡ್ಡದ ಚಾಚಾ ಒಬ್ಬರು ಇವಳ ಭಾಷಣವನ್ನೆಲ್ಲ ಕೇಳಿ, “ಇಮ್ತೆಹಾನ್ ಹೈ ಕ್ಯಾ ಅಮ್ಮಾ? ನಕ್ಕೋ ಅಮ್ಮಾ, ನಕ್ಕೋ!” ಬೇಡವೇ ಬೇಡ ಎಂದು ಆಟೋ ಸ್ಟಾರ್ಟ್ ಮಾಡಿಬಿಟ್ಟರು. ಪರೀಕ್ಷೆ ಎಂದರೆ ಎಲ್ಲರಿಗೂ ಅಷ್ಟು ಹೆದರಿಕೆ. ಮೌಶಿ ಬಿಡಲಿಲ್ಲ. ಅದೇ ಆಟೋ ಹತ್ತಿ ಕೂತು, ದಾರಿಯುದ್ದಕ್ಕೂ ಇದು ಪರೀಕ್ಷೆಯಲ್ಲ, ಇಲ್ಲಿ ಸರಿ ಉತ್ತರ ತಪ್ಪು ಉತ್ತರ ಎಂಬುದೇ ಇಲ್ಲ, ಚಹಾ ಬಿಸ್ಕೀಟು ಇದೆ ಎಂದು ತಿಳಿಸಿ ಹೇಳಿದಳು. ಮರುದಿನ ಪ್ರಯೋಗಶಾಲೆಯ ಮುಂದೆ ಇಡೀ ಆಟೋ ಸ್ಟ್ಯಾಂಡೇ ಬಂದು ನಿಂತಿತ್ತು! ಅಂದು ಮೆಹದಿಪಟ್ಟಣಂನಲ್ಲಿ ಆಟೋ ಸಿಗದೆ ಜನ ಶಪಿಸುತ್ತಿದ್ದರು, ನಾನು ಕೂಡ ಬೇಗಂಪೇಟೆಯ ಆಫೀಸಿಗೆ ಒಂದು ತಾಸು ತಡವಾಗಿ ಹೋದೆ.

ಮಲ್ಕಾಜ್‌ಗಿರಿಯ ರೇಲ್ವೆ ಪಿಂಚಣಿದಾರರ ಕಥೆಯೇ ಬೇರೆ. ಜೀವನವಿಡೀ ನಿಯಮಾವಳಿ ಓದಿದವರು ಅವರು. ಮೌಶಿಯ ಸೂಚನಾಪತ್ರವನ್ನು ಹಿಂದೆ ಮುಂದೆ ತಿರುಗಿಸಿ, “ಮೇಡಂ, ಮೂರನೇ ಕಲಮಿಗೂ ಏಳನೇ ಕಲಮಿಗೂ ಹೊಂದೂದಿಲ್ಲ” ಎಂದು ತಗಾದೆ ತೆಗೆದರು. ನೋಡಿದರೆ ಹೌದು! ಮೌಶಿ ಅಲ್ಲೇ ಕೈ ಮುಗಿದಳು. ವಿದೇಶದ ದೊಡ್ಡ ಪತ್ರಿಕೆಯಲ್ಲಿ ಬಂದ ಅವಳ ಲೇಖನದ ಕೊನೆಯಲ್ಲಿ ಮಹಾಮಹಾ ಪಂಡಿತರ ಜೊತೆಗೆ ‘ಮಲ್ಕಾಜ್‌ಗಿರಿಯ ನಿವೃತ್ತ ರೇಲ್ವೆ ನೌಕರರಿಗೆ’ ಎಂದೂ ಕೃತಜ್ಞತೆ ಇದೆ. ಆ ಪುಟಕ್ಕೆ ಕಟ್ಟು ಹಾಕಿಸಿ ಅವರು ತಮ್ಮ ಸಂಘದ ಕೋಣೆಯಲ್ಲಿ ತೂಗುಹಾಕಿದ್ದಾರೆ.

ಆ ಲೇಖನ ಸುಮ್ಮನೆ ಬರಲಿಲ್ಲ. ನಾಲ್ಕು ಸಲ ವಾಪಸು ಬಂತು. ಮೌಶಿಯ ಪ್ರಯೋಗದಲ್ಲಿ ಜನ, ಪುಸ್ತಕ ಹೇಳಿದ್ದಕ್ಕಿಂತ ಹೆಚ್ಚು ಹೆಚ್ಚು ಹಂಚಿಕೊಂಡಿದ್ದರು. ಯಾರೂ ನೋಡದಿದ್ದಾಗಲೂ, ಮುಖ ಕಾಣದವರಿಗೂ! ನಂಬುವವರು ಯಾರು? ‘ನಿಮ್ಮೂರಿನ ಜನರಿಗೆ ಆಟ ಅರ್ಥವಾದಂತಿಲ್ಲ’ ಎಂದು ಒಬ್ಬ ಪರಿಶೀಲಕ ಬರೆದು ಕಳಿಸಿದನಂತೆ. ಮೌಶಿಗೆ ಬಂತು ನೋಡಿ ಸಿಟ್ಟು! “ನಮ್ಮ ಚಾಚಾಗ ಅರ್ಥ ಆಗೈತಿ, ಈ ಸಾಹೇಬಗ ಆಗಿಲ್ಲ” ಎಂದು ಅದೇ ಪ್ರಯೋಗವನ್ನು ಮತ್ತೆ ಮಾಡಿದಳು. ಪ್ರತಿಯೊಬ್ಬರಿಗೂ ಆಟ ತಿಳಿದಿದೆಯೋ ಇಲ್ಲವೋ ಎಂದು ಮೊದಲೇ ನಾಲ್ಕು ಪ್ರಶ್ನೆ ಕೇಳಿ, ಸರಿ ಉತ್ತರ ಕೊಟ್ಟವರನ್ನಷ್ಟೇ ಕೂರಿಸಿದಳು. ಫಲ ಅದೇ ಬಂತು. ಬೇರೆ ಊರಲ್ಲಿ ಮಾಡಿದಳು, ಅದೇ ಬಂತು. ಸಮುದ್ರ ದಾಟಿ ಹೋಗಿ ಅವರ ಊರಲ್ಲೇ ಮಾಡಿದಳು. ಅಲ್ಲೂ ಅದೇ!

ಆಮೇಲೆ ಏನು ಕೇಳುತ್ತೀರಿ, ಬಾಗಿಲು ತೆರೆದ ಹಾಗಾಯಿತು. ನಾಲ್ಕು ಸಲ ವಾಪಸು ಕಳಿಸಿದ ಪತ್ರಿಕೆಯೇ ಇವಳನ್ನು ಸಂಪಾದಕಿಯಾಗಿ ಕರೆಯಿತು. ಹೊರದೇಶದ ವಿದ್ವಾಂಸರ ಸಂಘ ಅಧ್ಯಕ್ಷೆಯನ್ನಾಗಿ ಮಾಡಿತು. ಗೌರವ ಡಾಕ್ಟರೇಟುಗಳು ಬಂದವು, ಜೊತೆಗೆ ಕೆಂಪು, ನೇರಳೆ ಬಣ್ಣದ ಗೌನುಗಳು. ಬೇರೆಯವರಾದರೆ ಗಾಜಿನ ಬೀರುವಿನಲ್ಲಿ ಇಡುತ್ತಿದ್ದರು. ನಮ್ಮ ಮೌಶಿ? ಪ್ರಯೋಗಶಾಲೆಯಲ್ಲಿ ಪರದೆಯ ಬಟ್ಟೆ ಎರಡು ಗಜ ಕಡಿಮೆ ಬಿದ್ದಿತ್ತು. ಕೆಂಪು ಗೌನಿನ ಹೊಲಿಗೆ ಬಿಚ್ಚಿ ಹದಿಮೂರು ಮತ್ತು ಹದಿನಾಲ್ಕನೇ ಕುರ್ಚಿಗಳ ನಡುವೆ ಕಟ್ಟಿಬಿಟ್ಟಳು! “ಬಟ್ಟಿ ಭಾಳ ದಪ್ಪ ಐತಿ, ಒಬ್ಬರಿಗೊಬ್ಬರು ಕಾಣಸೂದಿಲ್ಲ” ಎಂಬ ಮೆಚ್ಚುಗೆ ಬೇರೆ. ಆ ವಿಶ್ವವಿದ್ಯಾಲಯದವರಿಗೆ ಗೊತ್ತಾದರೆ ಏನೆನ್ನುತ್ತಾರೋ!

ಕಳೆದ ವರ್ಷ ಎಲ್ಲಕ್ಕಿಂತ ದೊಡ್ಡ ಗೌರವ ಬಂತು. ಜೀವಮಾನದ ಸಾಧನೆಗೆ ಜಗತ್ತಿನ ಪ್ರಾಯೋಗಿಕ ಅರ್ಥಶಾಸ್ತ್ರಜ್ಞರೆಲ್ಲ ಕೂಡಿ ಕೊಡುವ ಪದಕ. ಪ್ರದಾನ ಸಮಾರಂಭ ನಮ್ಮ ಹೈದರಾಬಾದಿನಲ್ಲೇ. ಅವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಮಾರಂಭಗಳಿಗೆ ಅವಳು ತಪ್ಪದೆ ಬರುತ್ತಾಳೆ. ಪ್ರಯೋಗಶಾಲೆಗೆ ಮಾತ್ರ ಇಲ್ಲ. ಮೌಶಿ ವೇದಿಕೆ ಹತ್ತಿ, “ನನ್ನ ಮಾತು ಹದಿನೆಂಟು ನಿಮಿಷ ಐತಿ. ಯಾರಿಗೆ ಬೇಕಾದ್ರೂ ಯಾವಾಗ ಬೇಕಾದ್ರೂ ಎದ್ದು ಹೋಗೂ ಹಕ್ಕು ಐತಿ” ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅಕ್ಕನಿಗಾಗಿ ಕನ್ನಡದಲ್ಲಿ ಹೇಳಿ ಶುರು ಮಾಡಿದಳು. ಒಬ್ಬರೂ ಏಳಲಿಲ್ಲ. ಕೊನೆಯಲ್ಲಿ ಎಲ್ಲರೂ ಎದ್ದರು, ಚಪ್ಪಾಳೆ ತಟ್ಟಲು. ನಾನು ಎಷ್ಟು ತಟ್ಟಿದೆನೆಂದರೆ ನನ್ನ ಬಳೆಯೊಂದು ಒಡೆಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಸಣ್ಣಾಕಿದ್ದಾಗ ಜಡೀ ಹಾಕಿಸಿಕೊಳ್ಳಾಕ ಒಂದು ನಿಮಿಷ ಕುಂದರ್ತಿರಲಿಲ್ಲ” ಎಂದಳು.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಹೊರಗೆ ಪತ್ರಿಕೆಯವರು ಮೌಶಿಯನ್ನು ಮುತ್ತಿಕೊಂಡರು. “ಇನ್ನು ಸಾಧಿಸುವುದು ಏನಾದರೂ ಉಳಿದಿದೆಯೇ ಮೇಡಂ?” ಎಂದು ಒಬ್ಬರು ಕೇಳಿದರು. ಇಂಥ ಪ್ರಶ್ನೆಗೆ ಎಲ್ಲರೂ ವಿನಯದಿಂದ ತಲೆ ತಗ್ಗಿಸಿ ಏನೋ ಒಂದು ಹೇಳುತ್ತಾರೆ. ಸುಳ್ಳು ಹೇಳಬಾರದಲ್ಲ, ನಮ್ಮವಳು ಹೇಳಿದಳು: “ಉಳದೈತ್ರಿ. ನಮ್ಮ ಅಕ್ಕ ಇನ್ನೂ ನನ್ನ ಪ್ರಯೋಗಕ್ಕ ಬಂದಿಲ್ಲ.”

ಮರುದಿನ ಪೇಪರಿನಲ್ಲಿ ಅಚ್ಚಾಯಿತು. ಫೋಟೋ ಸಮೇತ!

“ಊರ ಮುಂದ ನನ್ನ ಮರ್ಯಾದಿ ತಗದಳಲ್ಲ!” ಎಂದು ಅವ್ವ ಪೇಪರನ್ನು ಟೇಬಲ್ಲಿನ ಮೇಲೆ ಬಡಿದಳು. ತರಕಾರಿಯ ಯಾದಮ್ಮ ಬುಟ್ಟಿ ಇಳಿಸುವ ಮೊದಲೇ, “ಎಂದುಕು ಪೋಲೇದಮ್ಮಾ? ಚೆಲ್ಲೆಲು ಅಂತ ಪ್ರೇಮಗಾ ಪಿಲಿಚಿಂದಿ ಕದಾ” ಎಂದು ಕೇಳಿದಳು. ತಂಗಿ ಅಷ್ಟು ಪ್ರೀತಿಯಿಂದ ಕರೆದರೂ ಯಾಕೆ ಹೋಗಲಿಲ್ಲ ಎಂದು. ಮೇಲಿನ ಮನೆಯವರು ಕೇಳಿದರು, ಹಾಲಿನವನು ಕೇಳಿದ. ಸಂಜೆಯ ಹೊತ್ತಿಗೆ ಅವ್ವ ಬಸವಳಿದು ಅಡುಗೆಮನೆಯ ಮಣೆಯ ಮೇಲೆ ಕೂತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

“ಖರೇ ಹೇಳವ್ವಾ. ಒಮ್ಮೆ ಹೋಗಿ ಕುಂತು ಬಂದ್ರ ನಿನ್ನ ಗಂಟೇನು ಹೋಗ್ತೈತಿ?”

ಅವ್ವ ಸೆರಗಿನ ಅಂಚು ಸುತ್ತತೊಡಗಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಅಲ್ಲೆ ಮೊದಲಿಂದನೂ ಎಲ್ಲಾ ಕಾಗದದ ಮ್ಯಾಲೇನ. ಈಗಂತೂ ನಾಕು ಪ್ರಶ್ನೆ ಬ್ಯಾರೆ ಕೇಳ್ತಾರಂತ. ಬರದು ಕೊಡಬೇಕಂತ. ನಾ ಎಂಟನೇತ್ತಾ ಬಿಟ್ಟಾಕಿ. ಆಕೀ ಶಿಷ್ಯರೆಲ್ಲಾ ನಿಂತು ನೋಡ್ತಿರ್ತಾರ. ನಾ ತಪ್ಪು ಬರದ್ರ, ಇಷ್ಟು ದೊಡ್ಡಾಕಿ ಅಕ್ಕ ಹಿಂಗ ಅಂತ ಆಕೀ ಮಾನ ಏನಾಗಬೇಕು?”

ಮೂವತ್ತು ವರ್ಷ ಹಟ ಎಂದುಕೊಂಡದ್ದು ಇದು! ಎದ್ದು ಹೋಗಿ ಬ್ಯಾಗಿನಿಂದ ಮೌಶಿಯ ಹಳೆಯ ಸೂಚನಾಪತ್ರ ಒಂದನ್ನು ಹುಡುಕಿ ತಂದೆ. “ಬಾ, ಕಲಿಸ್ತೀನಿ” ಎಂದೆ.

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಪಾಠಶಾಲೆ ಶುರುವಾಯಿತು. ಮೌಶಿಗೆ ತಿಳಿಸಕೂಡದು ಎಂದು ಆಣೆ. ಅವ್ವ ಒಂದು ಕೈಯಲ್ಲಿ ರೊಟ್ಟಿ ತಿರುವುತ್ತ, “ನನ್ನ ಹತ್ರ ಹತ್ತು ಟೋಕನ್. ಆಕಡೀನಾಕಿಗೆ ನಾಕು ಕೊಟ್ರ ನನಗ ಉಳಿಯೂದು ಆರು” ಎಂದು ಬಾಯಿಪಾಠ ಹೇಳುವಳು. ಆರು ದಿನದಲ್ಲಿ ಎಷ್ಟು ಹುರುಪು ಬಂತೆಂದರೆ, ನನ್ನ ಗಂಡ ಊಟಕ್ಕೆ ಕೂತರೆ ಅವರಿಗೇ ಪ್ರಶ್ನೆ ಹಾಕತೊಡಗಿದಳು! ಅವರು ಒಂದು ತಪ್ಪು ಹೇಳಿದರು. ಅವ್ವನಿಗೆ ಅಂದು ಬಂದ ಧೈರ್ಯ ಹೇಳತೀರದು.

ಏಳನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, “ನಡಿ” ಎಂದಳು. ಮೌಶಿ ಪ್ರಯೋಗಶಾಲೆಯ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿ ನೋಡಿದಳು. ಅವಳ ಕೈಯಿಂದ ಪೆನ್ನು ಬಿತ್ತು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಎಲ್ಲಿಯ ಮಾತು! ಗಂಟಲು ಸರಿಮಾಡಿಕೊಂಡು, “ಮಾನ್ಯರೇ, ನಿಮ್ಮ ನಂಬರ್ ಹದಿನಾಕು” ಎಂದಳು.

ಅವ್ವ ಹದಿನಾಲ್ಕನೇ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಸೂಚನೆ ಓದಿದ್ದಾಯಿತು, ಪ್ರಶ್ನೆ ಕೊಟ್ಟದ್ದಾಯಿತು. ನಾನು ಗೋಡೆಯ ಬಳಿ ಉಗುರು ಕಚ್ಚುತ್ತ ನಿಂತಿದ್ದೆ. ಶಿಷ್ಯೆಯೊಬ್ಬಳು ಕಾಗದ ನೋಡಿ ಬಂದು ಮೌಶಿಗೆ, “ಹದಿನಾಲ್ಕು, ನಾಲ್ಕಕ್ಕೆ ನಾಲ್ಕೂ ಸರಿ ಮೇಡಂ” ಎಂದಳು. ಮೌಶಿ ಏನೂ ಆಗದವಳಂತೆ ತಲೆಯಾಡಿಸಿದಳು, ಆದರೆ ಕನ್ನಡಕವನ್ನು ಮೂರು ಸಲ ಒರೆಸಿದಳು. ನನಗಂತೂ ಕುಣಿಯಬೇಕೆನಿಸಿತು.

ನಂತರ ಪ್ರತಿಯೊಬ್ಬರಿಗೂ ಬಿಸ್ಕೀಟಿನ ಬದಲಿಗೆ ಹತ್ತು ಟೋಕನ್ ಹಂಚಿದರು. ಪೂರ್ತಿ ಮೌನ. ಪರದೆಯ ಆಚೆ ಕೂತವರು ಯಾರೆಂದು ತಿಳಿಯಬಾರದು, ಮಾತಂತೂ ಆಡಲೇಬಾರದು. ಹತ್ತರಲ್ಲಿ ಎಷ್ಟು ಕೊಡುತ್ತೀರಿ ಎಂದು ಬರೆಯಬೇಕು, ಅಷ್ಟೇ. ಅವ್ವ ಬರೆದಳು. ಕಾಗದ ಮಡಿಚಿಟ್ಟಳು. ಆಮೇಲೆ, ಅಯ್ಯೋ ದೇವರೇ, ಆ ದಪ್ಪ ಕೆಂಪು ಗೌನಿನ ಕಡೆ ಬಾಗಿ ಗಟ್ಟಿಯಾಗಿ ಕೇಳಿದಳು:

“ಯಾರವಾ ಆಕಡೆ? ಊಟಾ ಆತೇನು?”

ಆಚೆಯಿಂದ ಹುಡುಗಿಯೊಬ್ಬಳ ಸಣ್ಣ ದನಿ ಬಂತು. “ಇಂಕಾ ಲೇದಮ್ಮಾ.” ಇನ್ನೂ ಇಲ್ಲವಂತೆ! ಅವ್ವನಿಗೆ ಅಷ್ಟೇ ಸಾಕಾಯಿತು. ಬುತ್ತಿ ಬಿಚ್ಚಿ, ರೊಟ್ಟಿಯಲ್ಲಿ ಎಣ್ಣೆಗಾಯಿ ಪಲ್ಯ ಸುತ್ತಿ, ಗೌನಿನ ಕೆಳಗಿಂದ ತೂರಿಸಿಯೇಬಿಟ್ಟಳು!

ಶಿಷ್ಯರೆಲ್ಲ ಮೌಶಿಯ ಮುಖ ನೋಡಿದರು. ಒಬ್ಬರು ಮಾತಾಡಿದರೂ ಆ ದಿನದ ಪ್ರಯೋಗ ಅಷ್ಟೂ ಅಸಿಂಧು, ಅದು ಅವಳೇ ಮಾಡಿದ ನಿಯಮ. ನಿರ್ದೇಶಕರು ಒಮ್ಮೆ ಕೆಮ್ಮಿ ಪಕ್ಕದವರನ್ನು ಮಾತಾಡಿಸಿದ್ದಕ್ಕೇ ಆ ದಿನದ್ದೆಲ್ಲ ರದ್ದಾಗಿತ್ತು. ಮೌಶಿ ರಿಜಿಸ್ಟರ್ ತೆರೆದು ‘ರದ್ದು’ ಎಂದು ಬರೆದು, ಕಾರಣದ ಜಾಗದಲ್ಲಿ ‘ನಂಬರ್ ಹದಿನಾಲ್ಕು ಹದಿಮೂರಕ್ಕೆ ಊಟವಾಯಿತೇ ಎಂದು ಕೇಳಿದರು’ ಎಂದು ತುಂಬಿದಳು.

ಅವ್ವ ಎದ್ದು ನಿಂತಳು. ಮುಖ ಸಣ್ಣದಾಗಿತ್ತು. “ಫೇಲ್ ಆದ್ನೇನು?”

“ಇಲ್ಲಕ್ಕಾ. ಎಲ್ಲಾ ಬರೋಬ್ಬರಿ ಬರದೀ. ಮಾತಾಡಬಾರದಿತ್ತು, ಅಷ್ಟ.”

“ಹಸಕೊಂಡು ಕುಂತ ಕೂಸಿನ್ನ ಮಾತಾಡಿಸಬಾರದಂದ್ರ, ಅದೆಂಥಾ ಕಾನೂನವಾ ನಿಂದು?”

ಮೌಶಿ ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟಳು. ಆಟ ನಿಂತ ಮೇಲೆ ಬುತ್ತಿ ಎಲ್ಲರ ಕೈಗೂ ಬಂತು, ತುತ್ತು ತುತ್ತಾದರೂ ಸಿಕ್ಕಿತು. ಅವ್ವ ನಿಧಾನಕ್ಕೆ ಇಡೀ ಪ್ರಯೋಗಶಾಲೆ ಸುತ್ತಿದಳು. ಒಂದೊಂದು ಕುರ್ಚಿ ಮುಟ್ಟಿ ನೋಡಿದಳು. ತಂಗಿಯ ಕೋಣೆಯ ಬಾಗಿಲಿನ ಹೆಸರಿನ ಹಲಗೆಯನ್ನು ಸೆರಗಿನಿಂದ ಒರೆಸಿದಳು. ತಂಗಿಯ ಕುರ್ಚಿಯಲ್ಲಿ ಕೂತು, ಕಿಟಕಿಯಿಂದ ಏನು ಕಾಣುತ್ತದೆಂದು ನೋಡಿ, “ಗಾಳಿ ಬೆಳಕು ಚಲೋ ಐತಿ. ಫ್ಯಾನಿಗೆ ಎಣ್ಣಿ ಹಾಕಸು” ಎಂದಳು. ಮೌಶಿ ಅವಳ ಹಿಂದೆ ಹಿಂದೆಯೇ ಕೈಕಟ್ಟಿಕೊಂಡು ನಡೆಯುತ್ತ “ಹೂಂ ಅಕ್ಕಾ, ಹೂಂ ಅಕ್ಕಾ” ಎನ್ನುತ್ತಿದ್ದಳು. ಶಿಷ್ಯರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ.

ಹೊರಡುವಾಗ ಅವ್ವ ಮುಂದೆ ಗೇಟಿನ ಕಡೆ ಹೋದಳು. ನಾನು ಮೆಟ್ಟಿಲ ಮೇಲೆ ಮೌಶಿಯನ್ನು ಹಿಡಿದು ನಿಲ್ಲಿಸಿದೆ.

“ಹೇಳು, ಅವ್ವ ಎಷ್ಟು ಕೊಟ್ಟಿದ್ಲು?”

“ನಾ ನೋಡಿಲ್ಲ. ರದ್ದಾದ ಕಾಗದ ನೋಡಬಾರದು.”

“ಮೂವತ್ತು ವರ್ಷ ಕಾದು, ಬಿಚ್ಚಿನೂ ನೋಡಲಿಲ್ಲೇನು?”

“ಅದರಾಗ ನೋಡೂದೇನೈತಿ? ನಾ ಆಕಿ ಕೊಟ್ಟದ್ದ ಉಂಡು ಬೆಳದಾಕಿ.”

“ಮತ್ತ ಯಾಕ ಕರಕೊಂತ ಬಂದಿ ಇಷ್ಟು ವರ್ಷ?”

ಮೌಶಿ ಕನ್ನಡಕ ತೆಗೆದಳು. ಕನ್ನಡಕವಿಲ್ಲದ ಅವಳ ಮುಖ ಥೇಟ್ ಸಣ್ಣ ಹುಡುಗಿಯದು. “ನಾ ಎಲ್ಲೆ ಕುಂದರ್ತೀನಿ, ಎಲ್ಲೆ ಕೆಲಸಾ ಮಾಡ್ತೀನಿ, ಆಕಿ ಒಮ್ಮೆ ನೋಡ್ಲಿ ಅಂತಿದ್ದೆ ಅಷ್ಟ. ಸುಮ್ಮನ ಬಾ ಅಕ್ಕಾ ಅಂತ ಕರೀಬೇಕಂತ ನನಗ ಹೊಳೀಲೇ ಇಲ್ಲ ನೋಡು.”

ಯಾವಾಗಲೂ ಅವಳನ್ನು ಕಾಡಿಸುವ ನಾನು ಅವಳ ಕೈ ಹಿಡಿದುಕೊಂಡೆ. ಅಳು ಬಂತು. ಅಷ್ಟರಲ್ಲಿ ಗೇಟಿನಿಂದ ಅವ್ವನ ಕೂಗು ಕೇಳಿಸಿತು. “ಏನದು ಗುಸುಗುಸು ನಿಮ್ಮದು? ಬಸ್ ಬಂತು, ಬರ್ರಿ ಲಗೂನ!”

“ಬಂದೆ ಅಕ್ಕಾ!” ಎಂದು ಜಗತ್ತಿನ ದೊಡ್ಡ ಅರ್ಥಶಾಸ್ತ್ರಜ್ಞೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಎರಡೆರಡು ಮೆಟ್ಟಿಲು ಹಾರಿ ಓಡಿದಳು.